ಬೋಳಣ್ಣನ ಗಮನಾಂಕ

ಶಾಲೆಯ ಏಳನೇ ತರಗತಿಯಲ್ಲಿ ಆ ವರ್ಷ ಒಟ್ಟು ನಲವತ್ತೊಂದು ವಿದ್ಯಾರ್ಥಿಗಳಿದ್ದರು. ಅವರಲ್ಲಿ ನಲವತ್ತು ಮಂದಿಗೆ ಕೈಕಾಲುಗಳಿದ್ದವು. ನಲವತ್ತೊಂದನೆಯವನಿಗೆ ಕುತ್ತಿಗೆಯಿಂದ ಕೆಳಗೆ ಏನೂ ಇರಲಿಲ್ಲ. ಕುತ್ತಿಗೆಯಿಂದ ಮೇಲೆ, ಒಳಗಡೆ, ಏನೂ ಇರಲಿಲ್ಲ. ತರಗತಿಗೆ ಪ್ರಥಮ ಬಂದವನು ಅವನೇ. ಇದರಲ್ಲಿ ಯಾವ ಅಕ್ರಮವೂ ನಡೆದಿಲ್ಲ. ಎಲ್ಲವೂ ನಿಯಮದ ಪ್ರಕಾರವೇ ನಡೆದಿದೆ.

ವರ್ಷದ ಆರಂಭದಲ್ಲಿ ಇಲಾಖೆಯಿಂದ ಒಂದು ಸುತ್ತೋಲೆ ಬಂತು. ಅದರಲ್ಲಿ ಹೀಗಿತ್ತು: "ಮಕ್ಕಳು ಪಾಠ ಕೇಳುತ್ತಿದ್ದಾರೋ ಇಲ್ಲವೋ ಎಂಬುದನ್ನು ಶಿಕ್ಷಕರು ಇದುವರೆಗೆ ಮಕ್ಕಳ ಮುಖ ನೋಡಿ ತಿಳಿಯುತ್ತಿದ್ದು, ಸದರಿ ವಿಧಾನವು ಅವೈಜ್ಞಾನಿಕವಾಗಿರುತ್ತದೆ. ಇನ್ನು ಮುಂದೆ ಪ್ರತಿ ವಿದ್ಯಾರ್ಥಿಯ ಮೆದುಳಿನ ಅಲೆಗಳನ್ನು ನೇರವಾಗಿ ಅಳೆದು, ನೂರಕ್ಕೆ ಇಷ್ಟು ಎಂದು ಗಮನಾಂಕ ನೀಡತಕ್ಕದ್ದು. ಅರವತ್ತಕ್ಕಿಂತ ಕಡಿಮೆ ಗಮನಾಂಕ ಇರುವವರನ್ನು ಪ್ರೌಢಶಾಲೆಗೆ ಕಳುಹಿಸತಕ್ಕದ್ದಲ್ಲ. ಶಿಕ್ಷಕರು ಮಕ್ಕಳ ಮುಖ ನೋಡತಕ್ಕದ್ದಲ್ಲ."

ಸುತ್ತೋಲೆಯ ಹಿಂದೆಯೇ ತಲೆಪಟ್ಟಿಗಳ ಪೆಟ್ಟಿಗೆ ಬಂತು. ಕಪ್ಪು ರಬ್ಬರಿನ ಪಟ್ಟಿ, ಒಳಗಡೆ ಮೂರು ಬಟ್ಟೆಯ ಮೆತ್ತೆ, ಹಣೆಯ ಮೇಲೆ ಒಂದು ಪುಟ್ಟ ದೀಪ. ಗಮನ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಇವುಗಳನ್ನು ಒದಗಿಸಿದವರು ತಪಾಸಣಾಧಿಕಾರಿಗಳ ಬಾಮೈದ. ಅವರು ಈ ಮೊದಲು ಮನೆಬಾಗಿಲಿನ ಕರೆಗಂಟೆ ಮಾರುತ್ತಿದ್ದರಾದ್ದರಿಂದ ದೀಪ, ತಂತಿಗಳ ವಿಷಯದಲ್ಲಿ ಅನುಭವ ಉಳ್ಳವರು. ದೀಪ ಕೆಂಪಾದ ಮಕ್ಕಳನ್ನು ಸರಿಪಡಿಸುವ ಚಿತ್ತ ಸ್ಥಿರೀಕರಣ ಕೇಂದ್ರವನ್ನೂ ಅವರೇ ತೆರೆದರು. ಇದರಿಂದಾಗಿ ಕಾಯಿಲೆಗೂ ಔಷಧಿಗೂ ನಡುವೆ ಆಗಬಹುದಾಗಿದ್ದ ಪತ್ರವ್ಯವಹಾರದ ವಿಳಂಬ ತಪ್ಪಿತು.

ಪಟ್ಟಿಯ ಮೆತ್ತೆಗಳು ಉಪ್ಪುನೀರಿನಲ್ಲಿ ನೆಂದಿದ್ದರೆ ಮಾತ್ರ ಅಲೆ ಹಿಡಿಯುತ್ತಿದ್ದವು. ಆ ಕೆಲಸ ಶಾಲೆಯ ಆಯಾಳ ಪಾಲಿಗೆ ಬಂತು. ಬೆಳಿಗ್ಗೆ ಗಂಟೆ ಹೊಡೆಯುವ ಮುಂಚೆ ಒಂದು ಬಕೆಟ್ ನೀರಿಗೆ ನಾಲ್ಕು ಹಿಡಿ ಉಪ್ಪು ಹಾಕಿ, ಪಟ್ಟಿಗಳನ್ನು ಅದ್ದಿ, ಹಿಂಡಿ, ಮಕ್ಕಳ ತಲೆಗೆ ಕಟ್ಟುವಳು. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಇಡೀ ತರಗತಿಯ ಕಿವಿಯ ಹಿಂದೆ ಉಪ್ಪುನೀರು ಇಳಿಯುತ್ತಿತ್ತು. ಕಣ್ಣಿಗೆ ಇಳಿದವರು ಅಳುತ್ತಿದ್ದರು. ಅತ್ತರೆ ಕೆಂಪು.

ಮಕ್ಕಳು ಪಟ್ಟಿಯ ಸ್ವಭಾವವನ್ನು ಒಂದೇ ವಾರದಲ್ಲಿ ಕಲಿತರು. ಯಾವುದೇ ಲೆಕ್ಕವನ್ನು ನಿಜವಾಗಿಯೂ ಯೋಚಿಸಿದರೆ ಹುಬ್ಬು ಗಂಟಾಗುತ್ತದೆ. ಹುಬ್ಬಿನ ಮಾಂಸ ಅಲುಗಿದರೆ ಅಲೆ ಕಲಕುತ್ತದೆ. ಅಲೆ ಕಲಕಿದರೆ ಕೆಂಪು. ಅದೇ ಕಣ್ಣನ್ನು ಅರ್ಧ ಮುಚ್ಚಿ, ಎದುರಿನ ಗೋಡೆಯ ಸುಣ್ಣ ನೋಡುತ್ತಾ, ತುಟಿ ಸ್ವಲ್ಪ ಬಿಟ್ಟುಕೊಂಡು ಕೂತರೆ ದೀಪ ಹಸಿರಾಗಿ ನಿಲ್ಲುತ್ತದೆ. ಎರಡು ತಿಂಗಳಲ್ಲಿ ತರಗತಿಯಲ್ಲಿ ಯಾರೂ ಪ್ರಶ್ನೆ ಕೇಳದಂತಾಯಿತು. ಫಲಿತಾಂಶ ಉತ್ತಮಗೊಂಡಿದೆ ಎಂದು ಇಲಾಖೆ ತಿಳಿಸಿತು.

ಕೆಲವರಿಗೆ ಮಾತ್ರ ಇದು ಒಗ್ಗಲಿಲ್ಲ, ಒಬ್ಬಳಿಗಂತೂ ಸ್ವಲ್ಪವೂ ಒಗ್ಗಲಿಲ್ಲ. ಅವಳು ಆಯಾಳ ಮಗಳು. ಯೋಚಿಸುವಾಗ ಅವಳ ಎರಡೂ ಹುಬ್ಬು ನಡುಹಣೆಯಲ್ಲಿ ಬಂದು ಕೂಡಿಕೊಳ್ಳುತ್ತಿದ್ದವು. ಅದಕ್ಕೇ ಎಲ್ಲರೂ ಅವಳನ್ನು ಹುಬ್ಬಿ ಎನ್ನುತ್ತಿದ್ದರು.

ಒಂದು ದಿನ ಗಣಿತದ ಹೊತ್ತಿನಲ್ಲಿ ಹೆಡ್‌ಮೇಷ್ಟ್ರು ತೊಟ್ಟಿಯ ಲೆಕ್ಕ ಕೊಟ್ಟರು. ಮೇಲಿನ ನಲ್ಲಿ ತೊಟ್ಟಿಯನ್ನು ಆರು ಗಂಟೆಯಲ್ಲಿ ತುಂಬುತ್ತದೆ, ಕೆಳಗಿನ ನಲ್ಲಿ ಎಂಟು ಗಂಟೆಯಲ್ಲಿ ಖಾಲಿ ಮಾಡುತ್ತದೆ. ಎರಡನ್ನೂ ಬಿಟ್ಟರೆ ತುಂಬಲು ಎಷ್ಟು ಹೊತ್ತು?

ಹುಬ್ಬಿ ಎದ್ದು ನಿಂತಳು. "ಇಪ್ಪತ್ನಾಲ್ಕು ಗಂಟೆ ಸಾರ್. ಆದ್ರೆ ಕೆಳಗಿನ ನಲ್ಲಿ ಯಾಕೆ ಬಿಟ್ಟಿದಾರೆ?"

"ಲೆಕ್ಕಕ್ಕೆ ಬಿಟ್ಟಿದಾರೆ."

"ನೀರು ಸುಮ್ನೆ ಹೋಗುತ್ತಲ್ಲ ಸಾರ್. ಅದನ್ನ ಮುಚ್ಚೋಕೆ ಯಾರೂ ಇಲ್ವಾ?"

ಅವಳ ಹಣೆಯ ದೀಪ ಕೆಂಡದ ಹಾಗೆ ಉರಿಯುತ್ತಿತ್ತು. ಹೆಡ್‌ಮೇಷ್ಟ್ರು ನಿಯಮದ ಪ್ರಕಾರ ಅವಳ ಮುಖ ನೋಡಲಿಲ್ಲ. ದೀಪ ನೋಡಿ, "ಗಮನ ಇಲ್ಲ, ಕೂತ್ಕೋ," ಎಂದರು. ಆ ತಿಂಗಳು ಅವಳ ಗಮನಾಂಕ ಇಪ್ಪತ್ತಮೂರು.

ಇನ್ನು ನಲವತ್ತೊಂದನೆಯ ವಿದ್ಯಾರ್ಥಿಯ ವಿಷಯ. ಪಟ್ಟಿಗಳಿಗೆ ಬೇಡಿಕೆ ಕಳುಹಿಸಿದಾಗ ತರಗತಿಯಲ್ಲಿ ನಲವತ್ತೊಂದು ಮಕ್ಕಳಿದ್ದದ್ದು ನಿಜ. ಪೆಟ್ಟಿಗೆ ಬರುವ ಹೊತ್ತಿಗೆ ಒಬ್ಬ ಹುಡುಗನ ತಂದೆಗೆ ವರ್ಗವಾಗಿ ಮನೆಯವರೆಲ್ಲ ಊರು ಬಿಟ್ಟಿದ್ದರು. ಒಂದು ಪಟ್ಟಿ ಉಳಿಯಿತು. ಅದನ್ನು ಹಿಂದಿರುಗಿಸಲು ಏಳು ನಮೂನೆ ತುಂಬಿ, ಮಗು ಎಲ್ಲಿ ಹೋಯಿತೆಂದು ವಿವರಣೆ ಕೊಡಬೇಕಿತ್ತು. ಹಾಗೆಯೇ ಇಟ್ಟುಕೊಳ್ಳೋಣವೆಂದರೆ ಸುತ್ತೋಲೆಯ ಹನ್ನೊಂದನೇ ಕಲಮು ಸ್ಪಷ್ಟವಾಗಿತ್ತು: "ಯಾವುದೇ ಪಟ್ಟಿಯು ಶಾಲಾ ಅವಧಿಯಲ್ಲಿ ತಲೆಯಿಲ್ಲದೆ ಇರತಕ್ಕದ್ದಲ್ಲ."

"ಯಾವುದಾದ್ರೂ ತಲೆಗೆ ಹಾಕಮ್ಮ ಅದನ್ನ. ನನ್ನ ತಲೆ ತಿನ್ನಬೇಡ," ಎಂದು ಆಯಾಳಿಗೆ ಹೇಳಿದರು ಹೆಡ್‌ಮೇಷ್ಟ್ರು.

"ನಿಮ್ಮ ತಲೆಗೇ ಹಾಕ್ಲಾ ಸಾರ್?"

"ನಂದು ಅಳೆಯೋ ತಲೆ ಅಲ್ಲ."

ಆಯಾ ಚಿತ್ರಕಲಾ ಕೊಠಡಿಗೆ ಹೋದಳು. ಅಲ್ಲಿ ಬೀರುವಿನ ಮೇಲೆ ಒಂದು ಪ್ಲಾಸ್ಟರಿನ ತಲೆ ಇತ್ತು. ಯಾರ ತಲೆ ಎಂದು ಯಾರಿಗೂ ಗೊತ್ತಿಲ್ಲ. ಮಕ್ಕಳು ನೋಡಿ ಬರೆಯಲೆಂದು ಇಟ್ಟದ್ದು. ಮೂಗಿನ ತುದಿ ಮುರಿದಿತ್ತು, ಕೂದಲು ಇರಲಿಲ್ಲ, ಹೆಸರು ಬೋಳಣ್ಣ. ಅದನ್ನು ತಂದು ಕೊನೆಯ ಬೆಂಚಿನ ಮೇಲಿಟ್ಟು ಪಟ್ಟಿ ಬಿಗಿದಳು. ಪ್ಲಾಸ್ಟರು ಉಪ್ಪುನೀರನ್ನು ಗಟಗಟನೆ ಹೀರಿಕೊಂಡಿತು. ದೀಪ ಹಸಿರಾಯಿತು. ಸಂಜೆಯವರೆಗೂ ಹಸಿರಾಗಿಯೇ ಇತ್ತು.

ಪಟ್ಟಿಗಳು ಅಂಕಗಳನ್ನು ಯಾರನ್ನೂ ಕೇಳದೆ ನೇರವಾಗಿ ಇಲಾಖೆಗೆ ಕಳುಹಿಸುತ್ತಿದ್ದವು. ತಿಂಗಳ ಕೊನೆಗೆ ಅಲ್ಲಿಂದ ಪತ್ರ ಬಂತು. "ತಮ್ಮ ಶಾಲೆಯ ನಲವತ್ತೊಂದನೇ ಪಟ್ಟಿಯ ವಿದ್ಯಾರ್ಥಿಯು ತೊಂಬತ್ತೇಳು ಗಮನಾಂಕ ಗಳಿಸಿ ವಲಯಕ್ಕೇ ಪ್ರಥಮ ಬಂದಿರುವುದು ಹರ್ಷದಾಯಕ. ಸದರಿ ವಿದ್ಯಾರ್ಥಿಯ ವಿವರಗಳನ್ನು ಕೂಡಲೇ ಕಳುಹಿಸತಕ್ಕದ್ದು."

ಆಯಾ ಹೆಡ್‌ಮೇಷ್ಟ್ರ ಕೋಣೆಯಲ್ಲಿ ಕಸ ಗುಡಿಸುತ್ತಿದ್ದವಳು ನಿಂತಳು. "ಗೊಂಬೆ ಅಂತ ಬರೆದುಬಿಡಿ ಸಾರ್. ಅದರಲ್ಲೇನಿದೆ?"

"ಗೊಂಬೆ ಅಂತ ಬರೆದ್ರೆ ಮಶೀನು ಸುಳ್ಳು ಅಂತಾಗುತ್ತೆ. ಮಶೀನು ಸುಳ್ಳು ಅಂದ್ರೆ ಇಲಾಖೆ ಸುಳ್ಳು. ಇಲಾಖೆ ಸುಳ್ಳು ಅನ್ನಬೇಕಾದ ನನಗೆ ನಿವೃತ್ತಿಗೆ ಇನ್ನು ಎರಡೇ ವರ್ಷ ಇದೆ ಕಣಮ್ಮ."

"ಮಶೀನು ಸುಳ್ಳಾದ್ರೆ ನನ್ನ ಮಗಳ ಇಪ್ಪತ್ತಮೂರೂ ಸುಳ್ಳು ತಾನೇ ಸಾರ್?"

"ಅದಕ್ಕೇ ಹೇಳಿದ್ದು, ಮಶೀನು ಸುಳ್ಳಲ್ಲ."

ಹೀಗೆ ಬೋಳಣ್ಣನ ಹೆಸರು ದಾಖಲಾತಿ ಪುಸ್ತಕಕ್ಕೆ ಏರಿತು. ತಂದೆಯ ಹೆಸರು: ಲಭ್ಯವಿಲ್ಲ. ವಾಸಸ್ಥಳ: ಬೀರು. ಗುರುತಿನ ಚಿಹ್ನೆ: ಮೂಗಿನ ತುದಿ ಇಲ್ಲ. ವಯಸ್ಸಿನ ಜಾಗದಲ್ಲಿ ಹೆಡ್‌ಮೇಷ್ಟ್ರು ಸ್ವಲ್ಪ ಹೊತ್ತು ಪೆನ್ನು ಕಚ್ಚಿ, ತರಗತಿಗೆ ತಕ್ಕಂತೆ ಹನ್ನೆರಡು ಎಂದು ಬರೆದರು.

ಹುಬ್ಬಿ ಮತ್ತು ಅವಳಂಥ ಇನ್ನೂ ಹದಿನಾರು ಮಕ್ಕಳಿಗೆ ಶಾಲೆಯ ಉಗ್ರಾಣದಲ್ಲಿ ಮೊದಲ ಹಂತದ ಚಿಕಿತ್ಸೆ ಶುರುವಾಯಿತು. ಬಾಮೈದನ ಕೇಂದ್ರದಿಂದ ಒಬ್ಬ ಬಂದು ಪರದೆ ಹಾಕಿದ. ಪರದೆಯಲ್ಲಿ ಒಂದು ಕಿತ್ತಳೆ ಮೀನು. ತಲೆಪಟ್ಟಿ ಹಾಕಿಕೊಂಡು ಅದನ್ನೇ ನೋಡಬೇಕು. ಮನಸ್ಸು ಶಾಂತವಾಗಿದ್ದರೆ ಮೀನು ಈಜುತ್ತದೆ. ಮನಸ್ಸು ಅಲುಗಿದರೆ ಮೀನು ನಿಲ್ಲುತ್ತದೆ. ಈಜುತ್ತಿರಲಿ ಎಂಬ ಆಸೆಯಿಂದ ಮೆದುಳು ತಾನಾಗಿಯೇ ಶಾಂತವಾಗುವುದನ್ನು ಕಲಿಯುತ್ತದೆ ಎಂಬುದು ಇದರ ಹಿಂದಿನ ವಿಜ್ಞಾನ.

ಹುಬ್ಬಿಯ ಮೀನು ನಿಂತೇ ಇತ್ತು.

"ಏನಮ್ಮ ಯೋಚನೆ ಮಾಡ್ತಿದೀಯ?" ಎಂದ ಕೇಂದ್ರದವನು.

"ಮೀನು ಯಾಕೆ ನಿಂತಿತು ಅಂತ, ಅಣ್ಣ."

"ಅದನ್ನ ಯೋಚಿಸಿದ್ದಕ್ಕೇ ನಿಂತಿದ್ದು."

"ನಾನು ಯೋಚಿಸಿದ್ದು ಅದಕ್ಕೆ ಹೇಗೆ ಗೊತ್ತಾಯ್ತು ಅಂತ ಈಗ ಯೋಚಿಸ್ತಿದೀನಿ."

ಕೇಂದ್ರದವನು ತನ್ನ ವರದಿಯಲ್ಲಿ "ತೀವ್ರ ಸ್ವರೂಪದ ಕುತೂಹಲ. ಒಂದು ವರ್ಷದ ಪೂರ್ಣಾವಧಿ ಚಿಕಿತ್ಸೆ ಅಗತ್ಯ" ಎಂದು ಬರೆದ. ಪೂರ್ಣಾವಧಿ ಎಂದರೆ ಪ್ರೌಢಶಾಲೆ ಇಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಮೀನು. ಹಾಗೆ ಹೋದ ಮಕ್ಕಳು ಮತ್ತೆ ಶಾಲೆಗೆ ಬಂದ ದಾಖಲೆ ಇನ್ನೂ ಇಲ್ಲ, ಯೋಜನೆ ಹೊಸದು.

ಆಯಾ ಮನೆಯಲ್ಲಿ ಮಗಳನ್ನು ಮಣೆಯ ಮೇಲೆ ಕೂರಿಸಿದಳು. ಅವಳ ಹಣೆಗೆ ಎರಡು ಹೆಬ್ಬೆರಳು ಒತ್ತಿ ಹುಬ್ಬುಗಳನ್ನು ಅತ್ತ ಇತ್ತ ಎಳೆದು ಹಿಡಿದಳು.

"ಏನೂ ಯೋಚಿಸಬೇಡ ಕಣೇ."

"ಹ್ಞೂಂ."

"ಮತ್ತೆ ಗಂಟು ಹಾಕ್ತಿದೀಯಲ್ಲ!"

"ಏನೂ ಯೋಚಿಸದೆ ಇರೋದು ಹೇಗೆ ಅಂತ ಯೋಚಿಸ್ತಿದೀನಿ ಅಮ್ಮ."

ಆಯಾ ಕೈ ಬಿಟ್ಟಳು. ಉಪ್ಪುನೀರಿನಲ್ಲಿ ಅದ್ದಿ ಅದ್ದಿ ಅವಳ ಬೆರಳ ಸಂದಿಯೆಲ್ಲ ಬಿರಿದಿತ್ತು. "ನಾನು ಏಳನೇ ಕ್ಲಾಸಿಗೆ ಬಿಟ್ಟವಳು. ಬಿಡಿಸಿದ್ರು, ಬಿಟ್ಟೆ. ಬಕೆಟ್ ಕೈಗೆ ಬಂತು. ನೀನು ರಸ್ತೆ ದಾಟಿ ಆ ದೊಡ್ಡ ಶಾಲೆ ಬಾಗಿಲು ಹತ್ತಬೇಕು. ಆಮೇಲೆ ಎಷ್ಟು ಬೇಕಾದ್ರೂ ಗಂಟು ಹಾಕ್ಕೋ. ಒಂದು ವರ್ಷ, ಆ ಬೋಳಣ್ಣನ ಥರ ಕೂತ್ಕೊಳಕ್ಕೆ ಆಗಲ್ವಾ?"

"ಅವನಿಗೆ ಸುಲಭ ಅಮ್ಮ. ಅವನು ತೊಟ್ಟಿ ನೋಡಿಲ್ಲ."

ಅದೇ ಸಮಯಕ್ಕೆ ಇಲಾಖೆಯು ಮೆದುಳಿನ ಅಲೆಗಳಿಂದಲೇ ಚಿತ್ರ ಬಿಡಿಸುವ ಪ್ರದರ್ಶನವನ್ನು ಏರ್ಪಡಿಸಿತು. ಕೈಯಿಂದ ಬರೆದ ಚಿತ್ರಗಳಿಗೆ ಪ್ರವೇಶ ಇರಲಿಲ್ಲ; ಕೈ ನಡುವೆ ಬಂದು ಕಲೆಯನ್ನು ಕೆಡಿಸುತ್ತದೆ ಎಂದು ತಜ್ಞರ ಸಮಿತಿ ಅಭಿಪ್ರಾಯಪಟ್ಟಿತ್ತು. ಪಟ್ಟಿ ಹಾಕಿ ಕೂತರೆ ಯಂತ್ರವೇ ಅಲೆಗಳನ್ನು ಬಣ್ಣವಾಗಿಸಿ ಹಾಳೆಯ ಮೇಲೆ ಇಳಿಸುತ್ತಿತ್ತು. ಹುಬ್ಬಿಯ ಹಾಳೆ ತುಂಬಾ ಕೆಂಪು, ನೀಲಿ, ಕಪ್ಪು ಗೆರೆಗಳು ಒಂದರ ಮೇಲೊಂದು ಬಿದ್ದು ಕುಸ್ತಿಯಾಡುತ್ತಿದ್ದವು. "ಗೀಚು" ಎಂದು ಮೊಹರು ಒತ್ತಿ ವಾಪಸು ಕೊಟ್ಟರು. ಬೋಳಣ್ಣನ ಹಾಳೆಯಲ್ಲಿ ಎಡದಿಂದ ಬಲಕ್ಕೆ ಒಂದೇ ಒಂದು ತೆಳು ಗೆರೆ. ಮೊದಲ ಬಹುಮಾನ ಅದಕ್ಕೇ ಬಂತು. ಅದು ಈಗ ತಪಾಸಣಾಧಿಕಾರಿಗಳ ಕಚೇರಿಯ ಗೋಡೆಯ ಮೇಲಿದೆ. ಅದರ ಕೆಳಗೆ ಕಾಯುವ ಜನ ಅದನ್ನು ಬಿರುಕು ಎಂದುಕೊಂಡಿದ್ದಾರೆ.

ಚಿತ್ರಕಲಾ ಮೇಷ್ಟ್ರು ಬಹಳ ಹೊತ್ತು ಬೋಳಣ್ಣನ ಎದುರು ನಿಂತಿದ್ದರು. "ಇಪ್ಪತ್ತು ವರ್ಷ ಮಕ್ಕಳ ಕೈಲಿ ಇವನನ್ನ ಬರೆಸಿದೆ," ಎಂದರು ಕೊನೆಗೆ. "ಇವನೂ ಬರೀತಾನೆ ಅಂತ ಒಂದು ದಿನವೂ ಅನಿಸಲಿಲ್ಲ ನೋಡಿ." ಮೇಷ್ಟ್ರು ಪ್ರಾಮಾಣಿಕರು. ಆ ದಿನದಿಂದ ಅವರು ಬೋಳಣ್ಣನನ್ನು ಬಹುವಚನದಲ್ಲಿ ಮಾತಾಡಿಸತೊಡಗಿದರು.

ವರ್ಷದ ಕೊನೆಗೆ ಪ್ರತಿಭಾವಂತನನ್ನು ಕಣ್ಣಾರೆ ಕಾಣಲು ತಪಾಸಣಾಧಿಕಾರಿಗಳೇ ಬಂದರು. ಬೋಳಣ್ಣನನ್ನು ಮೊದಲ ಬೆಂಚಿಗೆ ತರಲಾಗಿತ್ತು. ಆಯಾ ಅವನ ಮುಖ ಒರೆಸಿ, ಕುತ್ತಿಗೆಯ ಸುತ್ತ ಶಾಲೆಯ ಟೈ ಕಟ್ಟಿದ್ದಳು. ಅಧಿಕಾರಿಗಳು ಅವನ ಕೆನ್ನೆ ತಟ್ಟಿದರು. ಟಕ್ ಟಕ್ ಎಂದಿತು. ಬೆರಳಿಗೆ ಬಿಳಿ ಪುಡಿ ಅಂಟಿತು. ಅಧಿಕಾರಿಗಳು ಬೆರಳನ್ನು ನೋಡಿದರು, ಹಸಿರು ದೀಪವನ್ನು ನೋಡಿದರು, ಜೇಬಿನಿಂದ ಕರವಸ್ತ್ರ ತೆಗೆದು ಬೆರಳು ಒರೆಸಿಕೊಂಡರು.

"ಸ್ವಲ್ಪ ಬಿಳಿಚಿಕೊಂಡಿದಾನೆ. ಊಟ ಸರಿಯಾಗಿ ಮಾಡ್ತಾನೇನ್ರೀ?"

"ಊಟ ಕಮ್ಮಿ ಸಾರ್," ಎಂದರು ಹೆಡ್‌ಮೇಷ್ಟ್ರು.

"ಓದೋ ಮಕ್ಕಳೇ ಹಾಗೆ. ಎಲ್ಲಿ, ಒಂದು ಲೆಕ್ಕ ಹೇಳಪ್ಪ. ಒಂದು ತೊಟ್ಟಿಗೆ ಮೇಲೊಂದು ನಲ್ಲಿ, ಕೆಳಗೊಂದು ನಲ್ಲಿ. ಮೇಲಿನದು ನಾಲ್ಕು ಗಂಟೆಯಲ್ಲಿ ತುಂಬುತ್ತೆ, ಕೆಳಗಿನದು ಐದು ಗಂಟೆಯಲ್ಲಿ ಖಾಲಿ ಮಾಡುತ್ತೆ. ತುಂಬೋಕೆ ಎಷ್ಟು ಹೊತ್ತು?"

ಬೋಳಣ್ಣ ಸುಮ್ಮನಿದ್ದ. ದೀಪ ಕದಲಲಿಲ್ಲ.

"ನೋಡಿ," ಎಂದರು ಅಧಿಕಾರಿಗಳು, ಮೆಲ್ಲಗೆ. "ಉತ್ತರ ಹೇಳೋ ಆತುರವೇ ಇಲ್ಲ."

"ಇಪ್ಪತ್ತು ಗಂಟೆ!" ಎಂದು ಹಿಂದಿನಿಂದ ಹುಬ್ಬಿ ಕೂಗಿದಳು. "ಕೆಳಗಿನದು ಮುಚ್ಚಿದ್ರೆ ನಾಲ್ಕೇ ಗಂಟೆ. ಈ ಊರಲ್ಲಿ ಎಲ್ಲ ತೊಟ್ಟಿಗೂ ಕೆಳಗಡೆ ನಲ್ಲಿ ಯಾಕೆ ಸಾರ್?"

ಅಧಿಕಾರಿಗಳು ತಿರುಗಿ ನೋಡಿದರು. ಅವಳ ಹಣೆ ಕೆಂಪಗಿತ್ತು. "ಈ ಹುಡುಗಿಗೆ ಎಷ್ಟು?"

"ಇಪ್ಪತ್ತಮೂರು ಸಾರ್."

"ಕಾಣುತ್ತೆ," ಎಂದು ಅವರು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಮರುದಿನ ಸೂಚನಾ ಫಲಕದಲ್ಲಿ ಹೆಸರುಗಳ ಪಟ್ಟಿ ಅಂಟಿಸಲಾಯಿತು. ಪ್ರೌಢಶಾಲೆಗೆ ಹೋಗುವವರ ಸಾಲಿನಲ್ಲಿ ಬೋಳಣ್ಣ ಮೊದಲು. ಕೇಂದ್ರಕ್ಕೆ ಹೋಗುವವರ ಸಾಲಿನಲ್ಲಿ ಹುಬ್ಬಿ ಮೊದಲು. ಆಯಾ ಅದನ್ನು ಎರಡು ಸಲ ಓದಿದಳು. ಆ ಫಲಕದ ಗಾಜು ಒರೆಸುವವಳು ಅವಳೇ. ಒರೆಸುತ್ತಾ ಒರೆಸುತ್ತಾ ಅಲ್ಲಿ ಅಂಟಿಸಿದ ಪ್ರತಿಯೊಂದು ಸುತ್ತೋಲೆಯನ್ನೂ ಪೂರ್ತಿ ಓದುವ ಅಭ್ಯಾಸ ಅವಳಿಗಿತ್ತು. ಊರಿನಲ್ಲಿ ಇನ್ನು ಯಾರಿಗೂ ಈ ಅಭ್ಯಾಸ ಇರಲಿಲ್ಲ, ಬರೆದವರಿಗೂ. ಅವಳು ಗಾಜಿನ ಮೂಲೆಯಲ್ಲಿದ್ದ ಒಂದು ಹಳೆಯ ಹಳದಿ ಹಾಳೆಯನ್ನು ಬಿಡಿಸಿಕೊಂಡು ನೇರ ಹೆಡ್‌ಮೇಷ್ಟ್ರ ಕೋಣೆಗೆ ಹೋದಳು.

"ಸಾರ್, ಬೋಳಣ್ಣನನ್ನ ದಿನಾ ಆ ಶಾಲೆಗೆ ಯಾರು ಹೊತ್ಕೊಂಡು ಹೋಗ್ತಾರೆ?"

ಹೆಡ್‌ಮೇಷ್ಟ್ರು ಇದನ್ನು ಯೋಚಿಸಿರಲಿಲ್ಲ.

"ಅವನಾಗೇ ನಡ್ಕೊಂಡು ಹೋಗಲ್ಲ. ಹಾಜರಿ ತಪ್ಪಿದ್ರೆ ವಲಯಕ್ಕೇ ಮೊದಲು ಬಂದೋನು ಎಲ್ಲಿ ಅಂತ ಕೇಳ್ತಾರೆ. ನೀವು ಏನಂತೀರಿ? ಬೀರು ಮೇಲಿದಾನೆ ಅಂತೀರಾ?"

"ಬಿಡಿಸಿ ಹೇಳಮ್ಮ, ಎದೆ ಹೊಡ್ಕೊಳ್ತಿದೆ."

ಆಯಾ ಹಳದಿ ಹಾಳೆಯನ್ನು ಮೇಜಿನ ಮೇಲಿಟ್ಟಳು. ಅದರಲ್ಲಿ ಹೀಗಿತ್ತು: "ನಡೆಯಲಾಗದ ವಿದ್ಯಾರ್ಥಿಗೆ ಒಬ್ಬ ಸಹಾಯಕರನ್ನು ನೇಮಿಸತಕ್ಕದ್ದು. ಸಹಾಯಕರು ತರಗತಿಯಲ್ಲಿ ವಿದ್ಯಾರ್ಥಿಯ ಪಕ್ಕದಲ್ಲೇ ಕೂರತಕ್ಕದ್ದು. ಬರೆಯಲಾಗದಿದ್ದರೆ ಅವನ ಪರವಾಗಿ ಬರೆಯತಕ್ಕದ್ದು." ಈ ನಿಯಮದ ಅಡಿಯಲ್ಲಿ ನಡೆಯಲಾಗದ ಮೂರು ನಿಜವಾದ ಮಕ್ಕಳು ಒಂಬತ್ತು ವರ್ಷದ ಹಿಂದೆ ಅರ್ಜಿ ಹಾಕಿದ್ದರು. ಆ ಅರ್ಜಿಗಳು ಪರಿಶೀಲನೆಯಲ್ಲಿವೆ. ಬೋಳಣ್ಣನ ಅರ್ಜಿ ಮೂರೇ ದಿನದಲ್ಲಿ ಮಂಜೂರಾಯಿತು, ಏಕೆಂದರೆ ಅವನ ಗಮನಾಂಕ ತೊಂಬತ್ತೇಳು. ಸಹಾಯಕಿಯ ಜಾಗದಲ್ಲಿ ಹುಬ್ಬಿಯ ಹೆಸರಿತ್ತು. ತಲೆಪಟ್ಟಿ ವಿದ್ಯಾರ್ಥಿಗಳಿಗೆ ಮಾತ್ರ. ಸಹಾಯಕರ ಮೆದುಳಿಗೆ ಅಳತೆ ಬೇಕಿಲ್ಲ ಎಂದು ಇಲಾಖೆ ಲಿಖಿತ ಸ್ಪಷ್ಟನೆ ಕೊಟ್ಟಿತು. ಸಹಾಯಕರಿಗೆ ಮೆದುಳು ಇರುವ ಬಗ್ಗೆ ಇಲಾಖೆಯಲ್ಲಿ ದಾಖಲೆ ಇರಲಿಲ್ಲ. ಕೇಂದ್ರಕ್ಕೂ ಅವಳನ್ನು ಕಳುಹಿಸಲಿಲ್ಲ, ಏಕೆಂದರೆ ಅವಳು ಇನ್ನು ವಿದ್ಯಾರ್ಥಿನಿಯೇ ಅಲ್ಲ.

ಹುಬ್ಬಿ ಈಗ ದಿನಾ ಬೆಳಿಗ್ಗೆ ಬೋಳಣ್ಣನನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ರಸ್ತೆ ದಾಟುತ್ತಾಳೆ. ಅವನನ್ನು ಬೆಂಚಿನ ಮೇಲಿಟ್ಟು, ಪಟ್ಟಿ ಬಿಗಿದು, ಪಕ್ಕದಲ್ಲಿ ಕೂರುತ್ತಾಳೆ. ಅವನ ದೀಪ ಹಸಿರಾಗಿರುತ್ತದೆ. ಅವಳು ಹುಬ್ಬು ಗಂಟಿಕ್ಕಿ ಪಾಠ ಕೇಳುತ್ತಾಳೆ, ಪ್ರಶ್ನೆ ಕೇಳುತ್ತಾಳೆ. ಪ್ರಶ್ನೆಗಳು ಬೋಳಣ್ಣನ ಹೆಸರಿನಲ್ಲಿ ದಾಖಲಾಗುತ್ತವೆ. ಮೊದಲ ಪರೀಕ್ಷೆಯಲ್ಲಿ ಗಣಿತದಲ್ಲಿ ನೂರಕ್ಕೆ ನೂರು ಬಂದದ್ದು ಬೋಳಣ್ಣನಿಗೆ.

"ಅಂಕಪಟ್ಟಿ ಅವನ ಹೆಸರಲ್ಲೇ ಬರುತ್ತೆ ಅಮ್ಮ," ಎಂದಳು ಹುಬ್ಬಿ, ಮನೆಯಲ್ಲಿ.

"ಬರಲಿ. ಲೆಕ್ಕ ಯಾರ ತಲೇಲಿದೆ?"

"ನನ್ನ ತಲೇಲಿ. ಮುಂದೆ ಕೆಲಸ ಯಾರಿಗೆ ಸಿಗುತ್ತೆ?"

"ಬೋಳಣ್ಣಂಗೆ." ಆಯಾ ಬಟ್ಟೆ ಚೀಲದ ಬಿಳಿ ಪುಡಿ ಕೊಡವಿದಳು. "ಸಿಗಲಿ. ಆಫೀಸಿಗೂ ಅವನನ್ನ ಹೊತ್ಕೊಂಡು ಹೋಗೋರು ಬೇಕಲ್ಲ."

ಸುದ್ದಿ ನಿಲ್ಲಲಿಲ್ಲ. ಕೇಂದ್ರದಲ್ಲಿ ಮೀನಿನ ಮುಂದೆ ಕೂತಿದ್ದ ಹದಿನಾರು ಮಕ್ಕಳ ಅಪ್ಪ ಅಮ್ಮಂದಿರು ಹೆಡ್‌ಮೇಷ್ಟ್ರ ಬಾಗಿಲಿಗೆ ಬಂದರು. "ನಮ್ಮ ಮಗುಗೂ ಒಂದು ತಲೆ ಕೊಡಿ ಸಾರ್." ಚಿತ್ರಕಲಾ ಮೇಷ್ಟ್ರು ಬೋಳಣ್ಣನವರ ಅನುಮತಿ ಕೇಳಿ ಅಚ್ಚು ತೆಗೆದರು. ಹದಿನಾರು ತಲೆಗಳು ಮಕ್ಕಳ ಬದಲಿಗೆ ಕೇಂದ್ರಕ್ಕೆ ದಾಖಲಾದವು. ಅವುಗಳ ಮುಂದೆ ಮೀನು ಒಂದು ಕ್ಷಣವೂ ನಿಲ್ಲದೆ ಈಜಿತು. ಒಂದೇ ದಿನದಲ್ಲಿ ಎಲ್ಲ ತಲೆಗಳೂ ಗುಣಮುಖವೆಂದು ಪ್ರಮಾಣಪತ್ರ ಪಡೆದು, ಸಹಾಯಕರಾದ ಆ ಮಕ್ಕಳ ಸಮೇತ ಪ್ರೌಢಶಾಲೆಗೆ ಬಂದವು. ಬಾಮೈದ ಇದನ್ನು ವಿಜ್ಞಾನದ ದೊಡ್ಡ ಗೆಲುವೆಂದು ಕರೆದರು. ಅಚ್ಚನ್ನೂ ಅವರೇ ಪಡೆದುಕೊಂಡರು. ಈಗ ಎಲ್ಲ ಶಾಲೆಗಳಿಗೂ ಪಟ್ಟಿಯ ಜೊತೆಗೆ ತಲೆಯನ್ನೂ ಅವರೇ ಒದಗಿಸುತ್ತಾರೆ. ಹೊರಗಿನ ತಲೆಗಳಿಗೆ ಅವಕಾಶವಿಲ್ಲ.

ಹಸಿರು ದೀಪದ ಮಕ್ಕಳ ಮನೆಯವರೂ ಯಾಕೆ ಸುಮ್ಮನಿರಬೇಕು? ಎರಡನೇ ವರ್ಷದ ಹೊತ್ತಿಗೆ ಎರಡೂ ಶಾಲೆಗಳ ಪ್ರತಿ ಬೆಂಚಿನಲ್ಲೂ ಒಂದು ಮಗು, ಒಂದು ತಲೆ. ಮಕ್ಕಳ ಕಿವಿಯ ಹಿಂದೆ ಉಪ್ಪುನೀರು ಇಳಿಯುವುದು ನಿಂತಿತು. ಆಯಾಳಿಗೆ ಬಕೆಟ್ ತಪ್ಪಲಿಲ್ಲ, ಆದರೆ ಬೋಳುತಲೆಗಳಿಗೆ ಪಟ್ಟಿ ಕಟ್ಟುವುದು ಸುಲಭ, ಒಂದೂ ಅಳುವುದಿಲ್ಲ.

ಕಳೆದ ತಿಂಗಳು ತಪಾಸಣಾಧಿಕಾರಿಗಳು ಮತ್ತೆ ಬಂದಿದ್ದರು. ಬಾಗಿಲಲ್ಲಿ ನಿಂತು ಸಾಲು ಸಾಲು ಹಸಿರು ದೀಪಗಳನ್ನು ಕಣ್ತುಂಬ ನೋಡಿದರು. ಅವರ ವರದಿಯನ್ನು ಫಲಕದ ಗಾಜಿನೊಳಗೆ ಅಂಟಿಸಲಾಗಿದೆ. ಅದರ ಕೊನೆಯ ಸಾಲುಗಳು ಹೀಗಿವೆ:

"ಎಲ್ಲ ವಿದ್ಯಾರ್ಥಿಗಳೂ ಶಾಂತವಾಗಿದ್ದು, ಗಮನ ಪರಿಪೂರ್ಣವಾಗಿದೆ. ಅವರ ಪಕ್ಕದಲ್ಲಿ ಕೂತಿರುವ ಸಹಾಯಕರು ಮಾತ್ರ ಹುಬ್ಬು ಗಂಟಿಕ್ಕಿಕೊಂಡು, ತೊಟ್ಟಿಯ ಕೆಳಗಿನ ನಲ್ಲಿಯ ಬಗ್ಗೆ ತಮ್ಮ ತಮ್ಮಲ್ಲೇ ಏನೋ ಮಾತಾಡಿಕೊಳ್ಳುತ್ತಿರುವುದು ಕಂಡುಬಂತು. ಅದು ಇಲಾಖೆಗೆ ಸಂಬಂಧಿಸಿದ ವಿಷಯವಲ್ಲ."